ಹಗ್ಗದ ತೂತು

ನಗೋದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ.

ಹೋದ ಬೇಸಿಗೆಯಲ್ಲಿ ನಮ್ಮತ್ತೆ ಮಗ ಅಂಬರೀಶ, ರಾತ್ರಿ ಹನ್ನೊಂದರ ಮೇಲೆ, ಮಗುವಿನ ಜ್ವರಕ್ಕೆ ಔಷಧಿ ತಗೊಂಡು ಕೋರಮಂಡಲ್‌ನ ಹಾಳು ಚಿನ್ನದ ಗಣಿ ಬಾವಿ ದಾಟಿ ಬರುತ್ತಿದ್ದ. ಕರೆಂಟ್ ಇಲ್ಲ. ಎದುರಿಗೆ ಗಣಿ ದೊರೆಗಳ ಕಾಲದ ಕಲ್ಲು ಬಂಗಲೆ. ಅವನು ಗಾರೆ ಕೆಲಸದವನು. ಬಂಗಲೆ ರಿಪೇರಿ ಮುಗಿಯುವವರೆಗೆ ಹೆಂಡತಿ ರಾಧ, ಆರು ತಿಂಗಳ ಮಗಳ ಜೊತೆ ಅದರ ನಡುಮನೆಯಲ್ಲೇ ಬಿಡಾರ.

ಹಿಂದಿನ ವರಾಂಡದಿಂದ ಸದ್ದು. ಸರ್... ಸರ್... ಒರಟು ಅಂಗೈಯನ್ನು ಕಲ್ಲಿನ ಮೇಲೆ ಸವರಿದ ಹಾಗೆ. ಟಾರ್ಚ್ ಬಿಟ್ಟ. ಯಾರೂ ಇಲ್ಲ. ಓಡಿ ಒಳಗೆ ಹೋಗಿ ಅಗುಳಿ ಹಾಕಿದ.

"ಕೇಳಿಸ್ತಾ?" ರಾಧ ಪಿಸುಗುಟ್ಟಿದಳು. "ಆಗ್ಲಿಂದ ಗೋಡೆ ತಡಕ್ತಾ ಅವ್ರೆ."

"ಯಾರು?"

"ನಂಗೇನ್ ಗೊತ್ತು... ನೀನು ಆ ತೂತು ಮುಚ್ಚಿದಾಗ್ಲಿಂದ."

ತೂತು ಅಂದರೆ... ನಡುಮನೆಗೂ ವರಾಂಡಕ್ಕೂ ನಡುವೆ ಎರಡು ಮೊಳ ದಪ್ಪದ ಗೋಡೆ. ಅದರಲ್ಲಿ ಆಳೆತ್ತರಕ್ಕೆ, ಎರಡು ಬೆರಳು ಹಿಡಿಸುವಷ್ಟು ಕಂಡಿ. ಹಿಂದೆ ಸೂರಿಗೆ ಬಟ್ಟೆಯ ದೊಡ್ಡ ಬೀಸಣಿಗೆ ಕಟ್ಟಿದ್ದರಂತೆ. ಅದರ ಹಗ್ಗ ಆ ತೂತಿನಿಂದ ಆಚೆ ಬರೋದು. ದೊರೆ ಮಲಗಿದರೆ, ವರಾಂಡದಲ್ಲಿ ಕೂತ ಕೂಲಿಯವನು ಬೆಳಗಾಗುವವರೆಗೆ ಎಳೆಯಬೇಕು. ಪಾಪ, ಅವನಿಗೆ ನಿದ್ದೆ ಯಾವಾಗಲೋ! ಈಗ ಬೀಸಣಿಗೆಯೂ ಇಲ್ಲ, ಹಗ್ಗವೂ ಇಲ್ಲ. ಸೂರಿನಲ್ಲಿ ಅದನ್ನು ತೂಗುಹಾಕಿದ್ದ ಎರಡು ಕಬ್ಬಿಣದ ಬಳೆ ಉಳಿದಿವೆ. ಹಾವು ಬಂದೀತೆಂದು ಅಂಬರೀಶ ಅವತ್ತು ಸಂಜೆ ಎರಡೂ ಕಡೆಯಿಂದ ಸಿಮೆಂಟ್ ಮೆತ್ತಿದ್ದ.

ಔಷಧಿ ಕುಡಿಸಿ ಗಂಟೆಯಾದರೂ ಜ್ವರ ಇಳಿಯಲಿಲ್ಲ. ಮಗುವಿನ ಮೈ ಕೆಂಡ. ಅಳೋದಕ್ಕೂ ತ್ರಾಣವಿಲ್ಲ.

"ಇಷ್ಟ್ ದಿನ ಕರೆಂಟ್ ಓದ್ರೂ ಮ್ಯಾಲಿಂದ ಗಾಳಿ ಬತ್ತಿತ್ತಲ್ಲ... ಎಲ್ಲಿಂದ?"

ರಾಧ ಹೀಗೆ ಕೇಳಿದ್ದೇ, ಅಂಬರೀಶ ಸೂರಿನ ಬಳೆಗಳ ಕಡೆ ಟಾರ್ಚ್ ಬಿಟ್ಟ.

"ತೆಗಿ ಅದನ್ನ," ಅಂದಳು ರಾಧ.

"ಆಚೆ ಅದು ನಿಂತೈತೆ ಕಣೆ!"

"ಇರ್ಲಿ. ಮಗೀನ್ ನೋಡು. ತೆಗಿ."

ಉಳಿ ಹಿಡಿದ. ಎರಡು ಏಟು ತಪ್ಪಿತು. ಟಕ್... ಟಕ್... ಹಸಿ ಸಿಮೆಂಟ್ ಉದುರಿತು. ಆಚೆ ಕಡೆಯದನ್ನೂ ತಳ್ಳೋಣವೆಂದು ಉದ್ದನೆ ಕಂಬಿ ತೂರಿಸಿದ. ಸವರುವ ಸದ್ದು ನಿಂತಿತು...

ಕಂಬಿಯ ತುದಿಯನ್ನು ಆಚೆಯಿಂದ ಯಾರೋ ಮೆಲ್ಲಗೆ ಎಳಕೊಂಡರು.

ಆಮೇಲೆ ಸೂರಿನ ಬಳೆ. ಕಿರ್... ಕಿರ್... ತಣ್ಣನೆ ಗಾಳಿ ಮಗುವಿನ ಮುಖದ ಮೇಲೆ ಬಂತು, ಹೋಯಿತು, ಬಂತು. ನಾಲ್ಕು ಗಂಟೆಗೆ ಮಗು ಬೆವರಿ, ಜ್ವರ ಇಳಿದು ನಿದ್ದೆ ಹೋಯಿತು. ಕಿರ್ ಸದ್ದು ಮಾತ್ರ ನಿಲ್ಲಲಿಲ್ಲ. ಕೊನೆಗೆ ರಾಧ ತುದಿಗಾಲಲ್ಲಿ ನಿಂತು, ತೂತಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ತಾತಾ... ಸಾಕು. ಮಲ್ಕೋ ಓಗು."

ಸದ್ದು ನಿಂತಿತು.

ಸುಳ್ಳಲ್ಲ. ಮರುದಿನ ಅವರಿಗೆ ಊಟ ತಗೊಂಡು ಹೋದವನು ನಾನೇ. ತೂತಿನ ಅಂಚಿಗೆ ಉಳಿದಿದ್ದ ಸಿಮೆಂಟ್ ಗಟ್ಟಿಯಾಗಿತ್ತು. ಅದರಲ್ಲಿ ಹಗ್ಗದ ಹುರಿ ಉಜ್ಜಿದ ಗುರುತಿತ್ತು. ಬೆರಳಿಟ್ಟು ನೋಡಿದ್ದೀನಿ.