ಒದ್ದೆ ಹಲಗೆಗೆ ವಾರ್ನಿಶ್

ದಾಲ್ಕವೆ ಎಂಬ ದ್ವೀಪದೂರಿನ ಕಡವಿನಲ್ಲಿ ಲಾಂಚಿಗೆ ಕಾಯುತ್ತಿದ್ದ ಓಟಿಲಿಯಾ ಕಪ್ಪೆಚಿಪ್ಪಿನ ಬುಟ್ಟಿಯನ್ನು ಕಾಲ ಬಳಿ ಇಳಿಸಿ, ಮುಂದೆ ನಿಂತವರ ಜಗಳಕ್ಕೆ ಕಿವಿಗೊಟ್ಟಳು. ಎರ್ಮಿಂದಾಳ ಬಲಗಾಲಿಗೆ ದಪ್ಪನೆಯ ಪಟ್ಟಿ, ಕಂಕುಳಲ್ಲಿ ಊರುಗೋಲು. ಎದುರಿಗೆ ಬಡಗಿ ನೊಲ್ಬೆರ್ತೊ.

“ನೀನು ವಾರ್ನಿಶ್ ಬಳಿದ ಜಗಲಿ ಒಂದೇ ವರ್ಷಕ್ಕೆ ಕುಂಬಾಗಿ ಹೋಯ್ತಲ್ಲೋ! ಹಲಗೆ ಮುರಿದು ಕಾಲು ಸಮುದ್ರಕ್ಕಿಳೀತು.”

“ನೀರಲ್ಲಿ ಕಂಬ ನೆಟ್ಟು ನಿಲ್ಲಿಸಿದ ಮರದ ಜಗಲಿ; ಮೇಲಿಂದ ಮಳೆ, ಕೆಳಗಿಂದ ಉಬ್ಬರ. ಬೇಸಿಗೆ ತನಕ ಒಣಗ್ಲಿ ಅಂತ ಬಡ್ಕೊಂಡೆನಲ್ಲಕ್ಕಾ.”

“ಅಕ್ಕ ಗಿಕ್ಕ ಅನ್ಬೇಡ.”

“ಹಲಗೆ ಮೇಲೆ ನೀರು ಹನಿಸಿ ತೋರಿಸ್ಲಿಲ್ವಾ? ಹನಿ ಇಂಗ್ಲೇ ಇಲ್ಲ. ಮರದ ಹೊಟ್ಟೆ ತುಂಬಾ ನೀರಿದೆ, ಈಗ ಬಳಿದ್ರೆ ಒಳಗೊಳಗೇ ಕೊಳೆಯುತ್ತೆ ಅಂದೆ. ನೀನೇನಂದೆ? ಆಗಸ್ಟಿನ ಹಬ್ಬಕ್ಕೆ ನೆಂಟರು ಬರ್ತಾರೆ, ಜಗಲಿ ಹೊಳೀಬೇಕು ಅಂದೆ.”

“ಅಂದೆ. ಕಸುಬು ಯಾರದ್ದು, ನಂದಾ? ಮನೆಗೆ ಬೆಂಕಿ ಹಚ್ಚು ಅಂದಿದ್ರೆ ಹಚ್ತಿದ್ದೆಯಾ?”

“ಆಗಲ್ಲ ಅಂದಿದ್ರೆ ಸೋಮಾರಿ ಅಂತ ನೀನೇ ದ್ವೀಪವಿಡೀ ಸಾರ್ತಿದ್ದೆ. ನಿನ್ನ ಬಾಯಿ ನಂಗೊತ್ತಿಲ್ವಾ?”

“ಸೋಮಾರಿಯಾಗಿದ್ದಿದ್ರೆ ನನ್ನ ಕಾಲಾದ್ರೂ ಉಳೀತಿತ್ತು!”

ಅಷ್ಟರಲ್ಲಿ ಲಾಂಚು ಬಂದು ಕಡವಿಗೆ ತಗುಲಿತು. ಹತ್ತುವ ಹಲಗೆ ಪಾಚಿಗಟ್ಟಿ ಜಾರುತ್ತಿತ್ತು. ನೊಲ್ಬೆರ್ತೊ ಕೈ ಚಾಚಿದ. ಎರ್ಮಿಂದಾ ಆ ಕೈಯನ್ನೊಮ್ಮೆ ನೋಡಿದಳು. ಉಗುರಿನ ಸಂದಿಯಲ್ಲಿ ವಾರ್ನಿಶ್ಶಿನ ಕಂದು ಬಣ್ಣವಿತ್ತು. ಅವಳು ಹಿಂದಕ್ಕೆ ತಿರುಗಿ ಓಟಿಲಿಯಾಳ ತೋಳು ಹಿಡಿದಳು.

“ತಾಯೀ, ಸ್ವಲ್ಪ ನೀನು ಹತ್ತಿಸು. ಇವನು ಕೈಯಿಟ್ಟದ್ದು ಒಂದು ವರ್ಷದ ಮೇಲೆ ಬಾಳಲ್ಲ.”