ತಟ್ಟೆ ಎರಡು ಸಾಕು

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ ದಿಂಬಿನ ಚೀಲ ಹೊಲಿಸಲು ಬಂದಿದ್ದ ಗೃಹಿಣಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು, ದರ್ಜಿಯು ಚಾರಣಕ್ಕೆ ಹೊರಟಿದ್ದ ಗಂಡಹೆಂಡತಿಯಿಬ್ಬರು ತಂದಿದ್ದ ಹರಿದ ಡೇರೆಗೆ ತೇಪೆ ಹಾಕತೊಡಗಿದ. ಅವರ ಪುಟ್ಟ ಮಗಳು ಡೇರೆಯ ಹಗ್ಗವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

“ಘಾಟಿ ಹತ್ತೋಕೆ ಮುಂಚೆ ಹೊಳೆ ಪಕ್ಕದಲ್ಲೇ ಡೇರೆ ಹಾಕೋಣ ಕಣೇ.”

“ಹೊಳೆಗಾಳಿಗೆ ಹಲ್ಲು ಕಟಕಟ ಅನ್ನುತ್ತೆ. ಮೇಲೆ ಬಂಡೆ ಮರೆಗೆ ಹಾಕೋಣ ರೀ.”

“ಅಲ್ಲಿಗೆ ನೀರು ನಿಮ್ಮಪ್ಪ ಹೊತ್ತು ತರ್ತಾರಾ?”

“ನಮ್ಮಪ್ಪನ ಸುದ್ದಿ ಬಿಡಿ. ಊಟಕ್ಕೇನು?”

“ಘಾಟಿ ತುದೀಲಿ ಒಂದು ಚಹಾದಂಗಡಿ ಇದೆಯಂತೆ.”

“ಅದು ಮುಚ್ಚಿದ್ರೆ ಗಾಳಿ ಕುಡಿಯೋಣ್ವಾ? ಸ್ಟೌವ್ ಇಟ್ಕೊಳ್ಳಿ. ತಟ್ಟೆ ಎರಡು ಸಾಕು.”

ಹುಡುಗಿಯ ಬೆರಳು ನಿಂತಿತು. ಕಾಯುತ್ತ ಕೂತಿದ್ದ ಗೃಹಿಣಿ ಅವಳತ್ತ ತಿರುಗಿ ನೋಡಿದಳು.

ತೇಪೆ ಮುಗಿಯಿತು. ಗಂಡ ಡೇರೆಯನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ. ಹಗ್ಗದ ತುದಿ ಇನ್ನೂ ಮಗಳ ಕೈಯಲ್ಲೇ ಇತ್ತು.

“ಅಮ್ಮಾ, ಆ ಡೇರೇಲಿ ನಾನೆಲ್ಲಿ ಮಲಗಲಿ?”