ಸಿಗರೇಟು ಬಿಡಿಸಿದವಳು

ಮನೋವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬ ದರ್ಜಿ, ಹೆಂಡತಿಗೂ ಅಕ್ಕನಿಗೂ ನಡುವೆ ಕೂತು ತೂಕಡಿಸುತ್ತಿದ್ದ. ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ತನ್ನ ತಂಗಿಯ ಸರದಿಗಾಗಿ ಎದುರಿಗೆ ಕಾಯುತ್ತಿದ್ದ ಟೀಚರಮ್ಮನಿಗೆ ಬೇಡವೆಂದರೂ ಎಲ್ಲ ಕೇಳಿಸಿತು.

"ಮಾತ್ರೆ ಹೆಚ್ಚು ಕೊಟ್ಯೇನೇ?" ಎಂದಳು ಅಕ್ಕ.

"ಇಲ್ಲ ಅತ್ತಿಗೆ, ನಿಮ್ಮಾಣೆ. ಎಂದಿನಷ್ಟೇ."

"ಮತ್ತೆ ಕತ್ತರಿ ಕೈಲಿ ಹಿಡ್ಕೊಂಡೇ ನಿದ್ದೆ ಹೋಗ್ತಾನಲ್ಲ!"

"ಹೋದ ವಾರ ಸಿಗರೇಟು ಬಿಡಿಸಿದೆ."

"ಪುಣ್ಯದ ಕೆಲಸ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಹೊಗೆ ನಿಂತ್ರೆ ಅದೇ ಮಾತ್ರೆ ಮೈಯಲ್ಲಿ ಜಾಸ್ತಿ ಉಳಿಯುತ್ತಂತೆ. ಬಿಡೋ ಮುಂಚೆ ತಮಗೊಂದು ಮಾತು ಹೇಳ್ಬೇಕು ಅಂದಿದ್ರು ಡಾಕ್ಟರು. ಸಂಭ್ರಮದಲ್ಲಿ ಮರೆತೇಬಿಟ್ಟೆ."

"ಅಯ್ಯೋ! ಹಾಗಾದ್ರೆ ಮಾತ್ರೆ ನಿಲ್ಲಿಸಿಬಿಡು."

"ಹೋದ ಸಲ ನಾವೇ ನಿಲ್ಲಿಸಿದಾಗ, ಯಾರು ನೀನು ಅಂತ ಇವರು ನನ್ನನ್ನೇ ಮನೆಯಿಂದ ಆಚೆ ಹಾಕಿದ್ರು. ಮರೆತ್ರಾ?"

ಅಕ್ಕ ಸೆರಗಿನಿಂದ ತಮ್ಮನ ಜೊಲ್ಲು ಒರೆಸಿದಳು.

"ಕೈಯಾರೆ ಮಾಡಿದೆನಲ್ಲ ಅತ್ತಿಗೆ. ಮಲಗಿದವರು ಏಳದೇ ಹೋದ್ರೆ?"

"ಬಿಡ್ತು ಅನ್ನು! ಒಳಗೆ ಹೋದ ತಕ್ಷಣ ಹೇಳು. ಬೈದ್ರೆ ಬೈಸಿಕೊ."

ನರ್ಸು ಕರೆದಳು. ಇಬ್ಬರೂ ಅವನ ತೋಳು ಹಿಡಿದು ಎಬ್ಬಿಸಿ ನಡೆಸಿಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲೇ, ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ, ಹೆಂಡತಿಯ ದನಿ ಕೇಳಿಸಿತು:

"ಡಾಕ್ಟ್ರೇ, ಇವರು ಸಿಗರೇಟು ಬಿಟ್ಟುಬಿಟ್ಟಿದ್ದಾರೆ!"